ಹೊಕ್ಕುಳಬಳ್ಳಿಯ ರಕ್ತ: ಯಾರು ಇಡಿಸಬೇಕು, ಯಾರಿಗೆ ಬೇಕಿಲ್ಲ

ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿದ ಮೇಲೆ ಬಹಳಷ್ಟು ಬಸುರಿಯರ ಮನೆಗೆ ಹೊಕ್ಕುಳಬಳ್ಳಿಯ ರಕ್ತವನ್ನು ಇಟ್ಟುಕೊಳ್ಳುವ ಖಾಸಗಿ ಬ್ಯಾಂಕಿನಿಂದ ಒಂದು ಫೋನ್ ಬರುತ್ತದೆ. ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳಲ್ಲಿ ಫೋನಿಗೂ ಕಾಯಬೇಕಿಲ್ಲ, ಒಪಿಡಿಯ ಬೆಂಚಿನ ಪಕ್ಕದಲ್ಲೇ ಅದರ ಪ್ರತಿನಿಧಿಗಳು ಟ್ಯಾಬ್ ಹಿಡಿದು ನಿಂತಿರುತ್ತಾರೆ. "ಮೇಡಂ, ಮಗುವಿನ ಕಾರ್ಡ್ ಬ್ಲಡ್ ಇಡಿಸ್ತೀರಾ? ಹೆರಿಗೆ ಟೈಮಲ್ಲಿ ಬಿಟ್ರೆ ಮತ್ತೆ ಸಿಗಲ್ಲ. ಎಂಬತ್ತಕ್ಕೂ ಹೆಚ್ಚು ಕಾಯಿಲೆಗೆ ಆಗುತ್ತೆ. ಇಎಂಐ ಕೂಡ ಇದೆ." ಮಗುವಿನ ಹೆಸರು ಹಿಡಿದು ಕೇಳಿದಾಗ ಬೇಡ ಎನ್ನಲು ಯಾವ ತಾಯಿಗೂ ಬಾಯಿ ಬರುವುದಿಲ್ಲ. ಗಂಡನ ಮುಖ ನೋಡುತ್ತಾಳೆ, ಗಂಡ ಅತ್ತೆಮಾವಂದಿರ ಮುಖ ನೋಡುತ್ತಾನೆ, ಕೊನೆಗೆ ಯಾರಿಗೂ ಪೂರ್ತಿ ಅರ್ಥವಾಗದೆಯೇ ಸಹಿ ಬೀಳುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಥಲಸ್ಸೇಮಿಯ, ಸಿಕಲ್ ಸೆಲ್, ರಕ್ತದ ಕ್ಯಾನ್ಸರ್‌ನಂಥ ಕಾಯಿಲೆಯಿಂದ ನರಳುತ್ತಿರುವ, ಮುಂದೆ ಅಸ್ಥಿಮಜ್ಜೆಯ ಕಸಿ ಬೇಕಾಗಬಹುದಾದ ಮಗು ನಿಮ್ಮ ಮನೆಯಲ್ಲಿದ್ದರೆ, ಈಗ ಹುಟ್ಟಲಿರುವ ತಮ್ಮನದೋ ತಂಗಿಯದೋ ಹೊಕ್ಕುಳಬಳ್ಳಿಯ ರಕ್ತವನ್ನು ಖಂಡಿತ ಸಂಗ್ರಹಿಸಿಡಿ. ಅಂಥ ಕಾಯಿಲೆ ಇಲ್ಲದ ಮನೆಯವರು ಇದಕ್ಕಾಗಿ ಸಾಲ ಮಾಡಬೇಕಿಲ್ಲ, ಇಡಿಸಲಿಲ್ಲವಲ್ಲ ಎಂದು ಕೊರಗಬೇಕಾಗಿಯೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹೇಳುವುದು ಇದನ್ನೇ. ಮಕ್ಕಳ ತಜ್ಞರ ಅಖಿಲ ಭಾರತ ಸಂಘಟನೆಯಾದ ಐಎಪಿ 2018ರಲ್ಲಿ ಪ್ರಕಟಿಸಿದ ಹೇಳಿಕೆಯ ಸಾರವೂ ಇದೇ. ಇದಕ್ಕೆ ಕಾರಣಗಳೇನು, ಇಡಿಸುವುದಾದರೆ ಏನೇನು ನೋಡಿಕೊಳ್ಳಬೇಕು ಎಂಬುದನ್ನು ಮುಂದೆ ನೋಡೋಣ.

ಆ ರಕ್ತದಲ್ಲಿ ಇರುವುದೇನು

ಮಗು ಹುಟ್ಟಿ ಬಳ್ಳಿ ಕತ್ತರಿಸಿದ ಮೇಲೂ ಬಳ್ಳಿಯಲ್ಲಿ ಮತ್ತು ಮಾಸಿನಲ್ಲಿ ಒಂದಿಷ್ಟು ರಕ್ತ ಉಳಿದಿರುತ್ತದೆ. ಅದು ಮಗುವಿನದೇ ರಕ್ತ, ತಾಯಿಯದಲ್ಲ. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ಕೆಂಪುಕಣ, ಬಿಳಿಕಣ, ಕಿರುಬಿಲ್ಲೆ (ಪ್ಲೇಟ್‌ಲೆಟ್) ಗಳನ್ನು ಜೀವನಪೂರ್ತಿ ಹುಟ್ಟಿಸುತ್ತಲೇ ಇರುವ ಮೂಲಕೋಶಗಳಿವೆ. ಅವನ್ನೇ ಆಕರಕೋಶ ಅಥವಾ ಸ್ಟೆಮ್ ಸೆಲ್ ಎನ್ನುವುದು. ಹುಟ್ಟುವ ಹೊತ್ತಿನಲ್ಲಿ ಈ ಕೋಶಗಳು ಮಗುವಿನ ರಕ್ತದಲ್ಲೂ ಸಾಕಷ್ಟು ಓಡಾಡುತ್ತಿರುತ್ತವೆ. ಕಾಯಿಲೆಬಿದ್ದ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಬರಿದುಮಾಡಿ, ಈ ಕೋಶಗಳನ್ನು ರಕ್ತದ ಬಾಟಲಿ ಏರಿಸುವಂತೆಯೇ ರಕ್ತನಾಳಕ್ಕೆ ಬಿಟ್ಟರೆ ಅವು ತಾವಾಗಿ ಮೂಳೆಯೊಳಗೆ ಹೋಗಿ ನೆಲೆಯೂರಿ ಹೊಸ ರಕ್ತ ತಯಾರಿಸತೊಡಗುತ್ತವೆ.

ಇದು ಮೊದಲು ನಡೆದದ್ದು 1988ರ ಅಕ್ಟೋಬರ್‌ನಲ್ಲಿ, ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ. ಫ್ಯಾಂಕೋನಿ ಅನೀಮಿಯ ಎಂಬ ಹುಟ್ಟುಕಾಯಿಲೆಯಿದ್ದ ಐದು ವರ್ಷದ ಅಮೆರಿಕನ್ ಹುಡುಗನಿಗೆ ಆಗಷ್ಟೇ ಹುಟ್ಟಿದ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಕೊಡಲಾಯಿತು. ಕಸಿ ಮಾಡಿದವರು ಡಾ. ಎಲಿಯಾನ್ ಗ್ಲುಕ್ಮನ್. ಅಮೆರಿಕದಲ್ಲಿ ರಕ್ತವನ್ನು ಅತಿಶೀತದಲ್ಲಿಟ್ಟು ಜೋಪಾನ ಮಾಡಿದ್ದು ಹಾಲ್ ಬ್ರಾಕ್ಸ್‌ಮಯರ್ ಅವರ ಪ್ರಯೋಗಾಲಯ. ಹುಡುಗ ಗುಣವಾದ. ಅಲ್ಲಿಂದ ಈಚೆಗೆ ಜಗತ್ತಿನಲ್ಲಿ 35,000ಕ್ಕೂ ಹೆಚ್ಚು ಇಂಥ ಕಸಿಗಳಾಗಿವೆ. ಆದ್ದರಿಂದ ಇದು ಬರೀ ಜಾಹೀರಾತಿನ ಮಾತು ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಒಂದು ಸಂಗತಿಯನ್ನು ಮಾತ್ರ ಗಮನಿಸಿ: ಆ ಮೊದಲ ಕಸಿಯಲ್ಲಿ ರಕ್ತ ತಂಗಿಯದು, ಕಾಯಿಲೆ ಅಣ್ಣನದು. ನಂತರ ಆದ ಕಸಿಗಳಲ್ಲೂ ಬಹುಪಾಲು ಹೀಗೆಯೇ, ಒಬ್ಬರ ರಕ್ತ ಇನ್ನೊಬ್ಬರಿಗೆ. ತನ್ನ ರಕ್ತ ತನಗೇ ಬಳಕೆಯಾದದ್ದು ತೀರಾ ಅಪರೂಪ.

ತನ್ನದು ತನಗೇಕೆ ಒದಗುವುದಿಲ್ಲ

"ಎಂಬತ್ತು ಕಾಯಿಲೆ"ಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು ಓದಿ. ಥಲಸ್ಸೇಮಿಯ, ಸಿಕಲ್ ಸೆಲ್, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟುವ ಸ್ಥಿತಿಗಳು, ಹರ್ಲರ್‌ನಂಥ ಚಯಾಪಚಯದ ದೋಷಗಳು. ಇವೆಲ್ಲ ವಂಶವಾಹಿಯಲ್ಲೇ ಇರುವ ದೋಷಗಳು. ಅಂದಮೇಲೆ ಅದೇ ದೋಷ ಆ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೂ ಇದ್ದೇ ಇರುತ್ತದೆ. ಅದನ್ನೇ ಮತ್ತೆ ಕೊಡುವುದೆಂದರೆ ಹುಳುಬಿದ್ದ ಕಾಳನ್ನು ತೆಗೆದಿಟ್ಟು ಮುಂದಿನ ವರ್ಷ ಬಿತ್ತಿದ ಹಾಗೆ. ಮಕ್ಕಳ ರಕ್ತದ ಕ್ಯಾನ್ಸರ್‌ನ ಕತೆಯೂ ಬೇರೆಯಲ್ಲ. ಎಷ್ಟೋ ಮಕ್ಕಳಲ್ಲಿ ಕಾಯಿಲೆಯ ಮೊದಲ ಬದಲಾವಣೆಗಳು ಹುಟ್ಟುವಾಗಿನ ರಕ್ತದಲ್ಲೇ ಕಾಣಿಸಿಕೊಂಡಿವೆ. ಜೊತೆಗೆ, ಇನ್ನೊಬ್ಬರ ಕೋಶಗಳು ಉಳಿದ ಕ್ಯಾನ್ಸರ್ ಕಣಗಳ ಮೇಲೆ ಬೀಳುವಂತೆ ತನ್ನದೇ ಕೋಶಗಳು ಬೀಳುವುದಿಲ್ಲ. ಕಸಿಯ ಪ್ರಯೋಜನದಲ್ಲಿ ಅದೂ ಒಂದು ಮುಖ್ಯ ಭಾಗ.

ಹಾಗಾದರೆ ಮಗುವಿಗೆ ತನ್ನದೇ ರಕ್ತ ಬೇಕಾಗುವ ಸಂಭವ ಎಷ್ಟು? ಅಮೆರಿಕದ ಕಸಿ ತಜ್ಞರ ಸಂಘ 2008ರಲ್ಲಿ ಅಂದಾಜು ಮಾಡಿದ ಪ್ರಕಾರ, ಮೊದಲ 20 ವರ್ಷಗಳಲ್ಲಿ ಹೆಚ್ಚೆಂದರೆ 2,500 ಮಕ್ಕಳಲ್ಲಿ ಒಬ್ಬರಿಗೆ, ಕಡಿಮೆಯೆಂದರೆ ಎರಡು ಲಕ್ಷದಲ್ಲಿ ಒಬ್ಬರಿಗೆ.

ಆಟಿಸಂ, ಮಿದುಳಿನ ಪಾರ್ಶ್ವವಾಯು, ಮಕ್ಕಳ ಸಕ್ಕರೆ ಕಾಯಿಲೆಗಳ ಹೆಸರೂ ಕರಪತ್ರಗಳಲ್ಲಿ ಬರುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಆಟಿಸಂ ಇರುವ ಮಕ್ಕಳ ಮೇಲೆ ಶಿಸ್ತಾಗಿ ನಡೆಸಿದ, 2020ರಲ್ಲಿ ಪ್ರಕಟವಾದ ಪ್ರಯೋಗ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಮೊದಲ ಬಗೆಯ ಸಕ್ಕರೆ ಕಾಯಿಲೆಯಲ್ಲಿ ಮಗುವಿನ ಸ್ವಂತ ರಕ್ತ ಕೊಟ್ಟು ನೋಡಿದ ಫ್ಲಾರಿಡಾದ ಪ್ರಯೋಗದಲ್ಲೂ ಇನ್ಸುಲಿನ್ ಉತ್ಪತ್ತಿ ಉಳಿಯಲಿಲ್ಲ. ಇಂಥ ಮಕ್ಕಳ ತಂದೆತಾಯಿಯರ ಹತಾಶೆ ಎಷ್ಟೆಂದು ಬಲ್ಲವರು ಈ ಹೆಸರುಗಳನ್ನು ಮಾರಾಟದ ಕರಪತ್ರದಲ್ಲಿ ಅಚ್ಚು ಹಾಕಬಾರದು. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಬಳ್ಳಿಯ ಅಂಗಾಂಶ, ಮಾಸಿನ ತುಂಡು, ಹಾಲುಹಲ್ಲಿನ ತಿರುಳು ಇಡಿಸಿ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ ಸಾಕು. ಐಸಿಎಂಆರ್‌ನ 2017ರ ರಾಷ್ಟ್ರೀಯ ಮಾರ್ಗಸೂಚಿ ಒಪ್ಪುವುದು ಹೊಕ್ಕುಳಬಳ್ಳಿಯ ರಕ್ತದ ಸಂಗ್ರಹವನ್ನು ಮಾತ್ರ, ಬೇರೆ ಯಾವುದನ್ನೂ ಅಲ್ಲ.

ಕೋಟಿ ಲೆಕ್ಕ

ಮಾರಾಟಗಾರರು ಅಷ್ಟಾಗಿ ಬಾಯಿಬಿಡದ ಒಂದು ಲೆಕ್ಕವನ್ನು ಇಲ್ಲಿ ಹೇಳಲೇಬೇಕು. ಕಸಿ ಹಿಡಿಯಬೇಕಾದರೆ ರೋಗಿಯ ತೂಕಕ್ಕೆ ತಕ್ಕಷ್ಟು ಕೋಶ ಬೇಕು. ಅತಿಶೀತದಲ್ಲಿಡುವಾಗಿನ ಎಣಿಕೆಯಲ್ಲಿ ಒಂದು ಕಿಲೋ ತೂಕಕ್ಕೆ ಕನಿಷ್ಠ ಎರಡೂವರೆ ಕೋಟಿ ಕೋಶಕೇಂದ್ರವುಳ್ಳ ಕಣಗಳು ಇರಬೇಕೆಂಬುದು ಸಾಮಾನ್ಯ ಅಳತೆ. ಕ್ಯಾನ್ಸರ್ ಅಲ್ಲದ ರಕ್ತದ ಕಾಯಿಲೆಗಳಿಗೆ ಇನ್ನೂ ಹೆಚ್ಚು ಕೇಳುತ್ತಾರೆ. ನೀವು ಇಡಿಸಿದ ರಕ್ತದ ಚೀಲದಲ್ಲಿ 60 ಕೋಟಿ ಕಣ ಇದೆಯೆಂದುಕೊಳ್ಳಿ. ಅದು 24 ಕಿಲೋ ತೂಕದ ಮಗುವಿಗೆ ಸಾಕು, ಅಂದರೆ ಏಳೆಂಟು ವರ್ಷದ ಮಗುವಿಗೆ. ಅದೇ ಮಗು ಬೆಳೆದು 60 ಕಿಲೋ ತೂಗುವ ಹೊತ್ತಿಗೆ ಬೇಕಾಗುವುದು 150 ಕೋಟಿ. "ಜೀವನಪೂರ್ತಿ ಭದ್ರತೆ", "ಇಡೀ ಕುಟುಂಬಕ್ಕೆ ರಕ್ಷೆ", "ಅಜ್ಜಅಜ್ಜಿಗೂ ಆಗುತ್ತೆ" ಎನ್ನುವ ಮಾತುಗಳನ್ನು ಈ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ.

ದೊಡ್ಡವರಿಗೆ ಎರಡು ಬೇರೆ ಬೇರೆ ಚೀಲಗಳನ್ನು ಸೇರಿಸಿ ಕೊಡುವುದುಂಟು. ಪ್ರಯೋಗಾಲಯದಲ್ಲಿ ಕೋಶಗಳನ್ನು ಹೆಚ್ಚಿಸಿ ಕೊಡುವ ಒಂದು ಚಿಕಿತ್ಸೆಗೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದೆಲ್ಲ ನಮ್ಮ ನಿಮ್ಮ ಕೈಗೆ ಎಟುಕುವ ಬೆಲೆಯದಲ್ಲ. ಇನ್ನೊಂದು ಕಡೆ, ಅರ್ಧ ಮಾತ್ರ ಹೊಂದುವ ತಂದೆಯದೋ ತಾಯಿಯದೋ ಕೋಶಗಳನ್ನು ಬಳಸಿ ಕಸಿ ಮಾಡುವ ವಿಧಾನ ಕಳೆದ ಹದಿನೈದು ವರ್ಷಗಳಲ್ಲಿ ಚೆನ್ನಾಗಿ ಪಳಗಿದೆ. ಅದು ಬಂದ ಮೇಲೆ ಹೊಕ್ಕುಳಬಳ್ಳಿಯ ರಕ್ತದ ಕಸಿಗಳೇ ಲೋಕದಾದ್ಯಂತ ಕಡಿಮೆಯಾಗಿವೆ. "ಇಡಿಸದಿದ್ದರೆ ಮುಂದೆ ದಾರಿಯೇ ಇಲ್ಲ" ಎಂಬ ಹೆದರಿಕೆಗೆ ಈಗ ಆಧಾರವಿಲ್ಲ.

ಮನೆಯಲ್ಲಿ ಕಾಯಿಲೆಯ ಮಗು ಇದ್ದರೆ

ಇನ್ನು ಇದರ ನಿಜವಾದ ಉಪಯೋಗಕ್ಕೆ ಬರೋಣ. ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ರಕ್ತ ಹಾಕಿಸಿಕೊಂಡು ಬದುಕುವ ಥಲಸ್ಸೇಮಿಯ ಮಕ್ಕಳ ತಾಯಂದಿರನ್ನು ಡೇ ಕೇರ್ ವಾರ್ಡಿನಲ್ಲಿ ನೋಡಬೇಕು. ಮಗುವಿನ ತೊಡೆಯ ಮೇಲೆ ಒಂದು ಕೈ, ರಕ್ತದ ಹನಿ ಬೀಳುವ ವೇಗದ ಮೇಲೆ ಕಣ್ಣು, ಪಕ್ಕದಲ್ಲಿ ಊಟದ ಡಬ್ಬಿ. ಬೆಳಿಗ್ಗೆ ಬಂದವರು ಸಂಜೆಯ ಬಸ್ಸು ಹಿಡಿಯುತ್ತಾರೆ. ಈ ಮಕ್ಕಳಿಗೆ ಪೂರ್ತಿ ಗುಣವಾಗುವ ದಾರಿ ಕಸಿ. ಹೊಂದುವ ಒಡಹುಟ್ಟಿದವರ ಕೋಶ ಸಿಕ್ಕರೆ ಅದರ ಫಲಿತಾಂಶ ಎಲ್ಲಕ್ಕಿಂತ ಉತ್ತಮ.

ಕಸಿಗೆ ಹೊಂದಬೇಕಾದ ಕೋಶಗಳ ಗುರುತನ್ನು ಎಚ್‌ಎಲ್‌ಎ ಎನ್ನುತ್ತಾರೆ. ಒಡಹುಟ್ಟಿದವರಲ್ಲಿ ಅದು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ರಕ್ತದ ಗುಂಪು ಬೇರೆ, ಎಚ್‌ಎಲ್‌ಎ ಬೇರೆ. ಗುಂಪು ಬೇರೆಯಿದ್ದರೂ ಕಸಿ ಆಗುತ್ತದೆ. ತಂದೆತಾಯಿ ಇಬ್ಬರೂ ಥಲಸ್ಸೇಮಿಯದ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ದೋಷವನ್ನಷ್ಟೇ ಹೊತ್ತಿದ್ದರೆ, ಹುಟ್ಟುವ ಮಗುವಿಗೆ ಆ ಕಾಯಿಲೆ ಬರದಿರುವ ಸಂಭವ ನಾಲ್ಕರಲ್ಲಿ ಮೂರು. ಎಚ್‌ಎಲ್‌ಎ ಮತ್ತು ಥಲಸ್ಸೇಮಿಯದ ವಂಶವಾಹಿಗಳು ಬೇರೆ ಬೇರೆ ವರ್ಣತಂತುಗಳಲ್ಲಿ ಇರುವುದರಿಂದ ಒಂದಕ್ಕೊಂದು ಸಂಬಂಧವಿಲ್ಲ. ಹೊಸ ಮಗು ಕಾಯಿಲೆ ಇಲ್ಲದೆ ಹುಟ್ಟಿ, ಅಕ್ಕನಿಗೋ ಅಣ್ಣನಿಗೋ ಹೊಂದುವ ಸಂಭವ ಹದಿನಾರರಲ್ಲಿ ಮೂರು. ಮಗು ವಾಹಕವಾಗಿದ್ದರೂ ದಾನಿಯಾಗಲು ಅಡ್ಡಿಯಿಲ್ಲ. ಹೊಂದಲಿ ಬಿಡಲಿ, ಆ ಮಗು ತನಗಾಗಿಯೇ ಬೇಕಾದ ಮಗು ಎಂಬುದನ್ನು ಮನೆಯವರು ಮರೆಯಬಾರದು. ಈ ಮಾತನ್ನು ಹೇಳಬೇಕಾದ ಮನೆಗಳನ್ನು ಕಂಡಿದ್ದೇನೆ, ಅದಕ್ಕೇ ಬರೆದೆ.

ಇಂಥ ಮನೆಯ ತಾಯಿ ಬಸುರಿಯಾದೊಡನೆ ಮೊದಲ ಕೆಲಸ ಪ್ರಸೂತಿ ತಜ್ಞರಿಗೂ ದೊಡ್ಡ ಮಗುವನ್ನು ನೋಡುತ್ತಿರುವ ರಕ್ತರೋಗ ತಜ್ಞರಿಗೂ ಒಟ್ಟಿಗೆ ತಿಳಿಸುವುದು. ಹೊಟ್ಟೆಯಲ್ಲಿರುವ ಮಗುವಿಗೆ ಕಾಯಿಲೆ ಇದೆಯೇ ಎಂದು ತಿಳಿಯುವ ಪರೀಕ್ಷೆ ಹನ್ನೊಂದನೇ ವಾರದಿಂದಲೇ ಸಾಧ್ಯ, ತಡವಾದಷ್ಟೂ ದಾರಿಗಳು ಮುಚ್ಚುತ್ತವೆ. ದೊಡ್ಡ ಮಗುವಿನ ಎಚ್‌ಎಲ್‌ಎ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಬೆಂಗಳೂರಿನ ಯಾವುದಾದರೂ ಕಸಿ ಕೇಂದ್ರವನ್ನೋ ವೆಲ್ಲೂರಿನ ಸಿಎಂಸಿಯನ್ನೋ ಸಂಪರ್ಕಿಸಿ, "ಹೊಸ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಕಸಿಗೆ ಬಳಸಿಕೊಳ್ಳುತ್ತೀರಾ, ಯಾವ ಬ್ಯಾಂಕಿನದಾದರೆ ಒಪ್ಪುತ್ತೀರಿ" ಎಂದು ಕೇಳಿ. ಈ ಪ್ರಶ್ನೆಯನ್ನು ಬ್ಯಾಂಕಿಗೆ ಕೇಳುವ ಮೊದಲು ಕಸಿ ಮಾಡುವವರಿಗೆ ಕೇಳಬೇಕು. ಅವರು ಬೇಡವೆಂದ ಚೀಲಕ್ಕೆ ಬೆಲೆಯಿಲ್ಲ. ಮನೆಯಲ್ಲಿ ರೋಗಿ ಇರುವ ಕುಟುಂಬಕ್ಕೆ ಕೆಲವು ಬ್ಯಾಂಕುಗಳು ಶುಲ್ಕ ಬಿಡುವುದೂ ಉಂಟು, ಸಂಕೋಚಪಡದೆ ಕೇಳಿ. ಏಳನೇ ತಿಂಗಳು ತುಂಬುವುದರೊಳಗೆ ಇದೆಲ್ಲ ಮುಗಿದಿರಲಿ. ತವರಿನಲ್ಲಿ ಹೆರಿಗೆಯಾಗುವುದಾದರೆ ಅಲ್ಲಿಯ ಆಸ್ಪತ್ರೆಯವರಿಗೆ ರಕ್ತ ತೆಗೆದು ರೂಢಿಯಿದೆಯೇ, ಕೊರಿಯರ್ ಅಲ್ಲಿಂದ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದನ್ನೂ ವಿಚಾರಿಸಿ.

ಹೆರಿಗೆ ಅವಸರದಲ್ಲಾಗಿ ರಕ್ತ ತೆಗೆಯಲಾಗದಿದ್ದರೆ ಎದೆಗುಂದಬೇಡಿ. ಮಗು ಒಂದೆರಡು ವರ್ಷದ್ದಾದ ಮೇಲೆ ಅದರ ಅಸ್ಥಿಮಜ್ಜೆಯನ್ನೇ ಸುರಕ್ಷಿತವಾಗಿ ತೆಗೆದು ಕೊಡಬಹುದು. ಚೀಲದಲ್ಲಿ ಕೋಶ ಸಾಲದೆ ಬಂದಾಗಲೂ ಅದೇ ಮಗುವಿನ ಸ್ವಲ್ಪ ಮಜ್ಜೆಯನ್ನು ಜೊತೆಗೆ ಸೇರಿಸುತ್ತಾರೆ. ಹಣದ ವಿಷಯಕ್ಕೆ, ಕೋಲ್ ಇಂಡಿಯಾ ನೆರವಿನ ಥಲಸ್ಸೇಮಿಯ ಬಾಲ ಸೇವಾ ಯೋಜನೆ 2017ರಿಂದ ನಡೆಯುತ್ತಿದೆ. ಆದಾಯದ ಮಿತಿಯೊಳಗಿನ ಕುಟುಂಬಗಳಿಗೆ ಕಸಿಗಾಗಿ 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಥಲಸ್ಸೇಮಿಯ ಮಕ್ಕಳ ಆರೈಕೆ ಮತ್ತು ಕಸಿಯಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿದೆ, ಅವರಲ್ಲಿ ವಿಚಾರಿಸಿ.

ಇನ್ನೂ ಮಕ್ಕಳಾಗದವರಿಗೂ ಇಲ್ಲೊಂದು ಮಾತು. ಕಬ್ಬಿಣದ ಮಾತ್ರೆ ತಪ್ಪದೆ ನುಂಗಿದರೂ ಬಸುರಿಯ ಹಿಮೋಗ್ಲೋಬಿನ್ ಮೇಲೇಳದಿದ್ದರೆ, ರಕ್ತಪರೀಕ್ಷೆಯ ಚೀಟಿಯಲ್ಲಿ ಎಂಸಿವಿ (ಕೆಂಪುಕಣದ ಗಾತ್ರ) 80ಕ್ಕಿಂತ ಕೆಳಗಿದ್ದರೆ, ಆಕೆ ಥಲಸ್ಸೇಮಿಯದ ವಾಹಕಳೇ ಎಂದು ತಿಳಿಸುವ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆ ಮಾಡಿಸಿ. ಆಕೆ ವಾಹಕಳಾಗಿದ್ದರೆ ಗಂಡನಿಗೂ ಅದೇ ದಿನ ಮಾಡಿಸಿ. ರಕ್ತ ಇಡಿಸುವ ಖರ್ಚಿನ ಚಿಕ್ಕ ಪಾಲಿನಲ್ಲಿ ಮುಗಿಯುವ ಈ ಪರೀಕ್ಷೆ ಎಷ್ಟೋ ಮನೆಗಳನ್ನು ಆ ಡೇ ಕೇರ್ ವಾರ್ಡಿನಿಂದ ದೂರ ಇಡಬಲ್ಲದು.

ಹೆರಿಗೆ ಕೊಠಡಿಯಲ್ಲಿ

ರಕ್ತ ತೆಗೆಯುವ ಕೆಲಸ ಐದು ಹತ್ತು ನಿಮಿಷದ್ದು. ತಾಯಿಗೂ ಮಗುವಿಗೂ ನೋವಿಲ್ಲ. ಸಹಜ ಹೆರಿಗೆಯಲ್ಲೂ ಸಿಸೇರಿಯನ್‌ನಲ್ಲೂ ತೆಗೆಯಬಹುದು. ಮಗುವನ್ನು ಬಳ್ಳಿಯಿಂದ ಬೇರ್ಪಡಿಸಿದ ಮೇಲೆ ಮಾಸಿನ ಕಡೆ ಉಳಿದ ಬಳ್ಳಿಯನ್ನು ಸ್ಪಿರಿಟ್ ಮತ್ತು ಅಯೋಡಿನ್‌ನಿಂದ ಚೆನ್ನಾಗಿ ಒರೆಸುತ್ತಾರೆ. ಬಳ್ಳಿಯೊಳಗಿನ ಮೂರು ನಾಳಗಳಲ್ಲಿ ದಪ್ಪನಾದದ್ದು ಅಭಿಧಮನಿ. ಅದಕ್ಕೆ ಸೂಜಿ ಚುಚ್ಚಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವವಿರುವ ಚೀಲವನ್ನು ಕೆಳಮಟ್ಟದಲ್ಲಿ ಹಿಡಿಯುತ್ತಾರೆ. ರಕ್ತ ತನ್ನ ಪಾಡಿಗೆ ಇಳಿಯುತ್ತದೆ. ನರ್ಸ್ ಚೀಲವನ್ನು ಆ ಕಡೆ ಈ ಕಡೆ ಮೆಲ್ಲಗೆ ತೂಗುತ್ತಲೇ ಇರಬೇಕು, ಇಲ್ಲದಿದ್ದರೆ ಒಳಗೆ ಗಟ್ಟಿ ಕಟ್ಟುತ್ತದೆ. ನೀಲಿಗಟ್ಟಿ ಉಬ್ಬಿದ್ದ ಬಳ್ಳಿ ಬಿಳಿಚಿಕೊಂಡು ಜೋಲುಬಿದ್ದಾಗ ಕೆಲಸ ಮುಗಿಯಿತು. ಸಿಗುವುದು ಸಾಮಾನ್ಯವಾಗಿ 60ರಿಂದ 120 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು.

ಚೀಲದ ಮೇಲೆ ತಾಯಿಯ ಹೆಸರು, ದಿನಾಂಕ, ಸಮಯ ಬರೆದ ಚೀಟಿಯನ್ನು ಹೆರಿಗೆ ಕೊಠಡಿಯಲ್ಲೇ ಅಂಟಿಸಬೇಕು, ಹೊರಗೆ ತಂದ ಮೇಲೆ ಅಲ್ಲ. ತಾಯಿಯ ರಕ್ತವನ್ನೂ ತೆಗೆದು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಮುಂತಾದ ಪರೀಕ್ಷೆಗೆ ಕಳಿಸುತ್ತಾರೆ. ಹೆರಿಗೆಯ ಹೊತ್ತಿಗೆ ತಾಯಿಗೆ ಜ್ವರವಿದ್ದರೆ, ನೀರು ಒಡೆದು ಬಹಳ ಹೊತ್ತಾಗಿದ್ದರೆ ಸೋಂಕಿನ ಭಯದಿಂದ ರಕ್ತ ತೆಗೆಯದಿರುವುದೇ ವಾಸಿ. ತಾಯಿಗೆ ರಕ್ತಸ್ರಾವ ಜಾಸ್ತಿಯಾದರೆ, ಮಗು ಅಳಲು ತಡಮಾಡಿದರೆ, ರಕ್ತ ತೆಗೆಯುವ ಕಿಟ್ ಪಕ್ಕಕ್ಕಿಟ್ಟು ತಾಯಿಮಗುವನ್ನು ನೋಡಬೇಕು. ಹಣ ಕಟ್ಟಿದ್ದೇವೆ ಎಂದು ಮನೆಯವರು ಆ ಗಳಿಗೆಯಲ್ಲಿ ಒತ್ತಾಯಿಸಕೂಡದು.

ಮುಖ್ಯವಾದ ಇನ್ನೊಂದು ವಿಷಯ ಬಳ್ಳಿ ಕತ್ತರಿಸುವ ಸಮಯದ್ದು. ಹುಟ್ಟಿದ ಮೇಲೆ ಒಂದರಿಂದ ಮೂರು ನಿಮಿಷ ಕಾದು ಬಳ್ಳಿಗೆ ಕ್ಲಾಂಪ್ ಹಾಕಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಷ್ಟರಲ್ಲಿ 80ರಿಂದ 100 ಮಿಲಿಲೀಟರ್‌ವರೆಗೆ ರಕ್ತ ಮಗುವಿಗೆ ಇಳಿಯುತ್ತದೆ, ಅದರ ಜೊತೆಗೆ ಮುಂದಿನ ಆರು ತಿಂಗಳಿಗೆ ಒದಗುವ ಕಬ್ಬಿಣವೂ ಇಳಿಯುತ್ತದೆ. ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಇಬ್ಬರಿಗೆ ರಕ್ತಹೀನತೆ ಇರುವ ದೇಶ ನಮ್ಮದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಶೇ 67. ಇಲ್ಲಿ ಆ ನೂರು ಮಿಲಿಲೀಟರ್ ಮಗುವಿನ ಮೈಯಲ್ಲಿರುವುದು ಬ್ಯಾಂಕಿನ ಟ್ಯಾಂಕಿನಲ್ಲಿರುವುದಕ್ಕಿಂತ ಎಷ್ಟೋ ಮೇಲು. ತಡವಾಗಿ ಕ್ಲಾಂಪ್ ಹಾಕಿದರೆ ಚೀಲಕ್ಕೆ ಸಿಗುವ ರಕ್ತ ಕಡಿಮೆಯಾಗುತ್ತದೆ, ಅದು ನಿಜ. ಅದಕ್ಕಾಗಿಯೇ ಬೇಗ ಕತ್ತರಿಸುವುದು ಸರಿಯಲ್ಲ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘವೂ ಹೇಳಿದೆ. ಅಣ್ಣನಿಗೋ ಅಕ್ಕನಿಗೋ ಕಸಿ ಬೇಕಾಗಿರುವಾಗ ಮಾತ್ರ ಎರಡನ್ನೂ ತೂಗಿನೋಡಿ ವೈದ್ಯರೊಡನೆ ಮೊದಲೇ ತೀರ್ಮಾನಿಸಿಕೊಳ್ಳಿ. ಒಂದು ನಿಮಿಷ ಕಾದರೂ ಕೆಲವೊಮ್ಮೆ ಸಾಕಷ್ಟು ಸಿಗುತ್ತದೆ.

ಟ್ಯಾಂಕಿನವರೆಗೆ

ಚೀಲವನ್ನು ಫ್ರಿಜ್ಜಿನಲ್ಲಿ, ಮಂಜುಗಡ್ಡೆಯ ಮೇಲೆ ಇಡಬಾರದು. ಕೊಠಡಿಯ ಉಷ್ಣತೆಯ ಪೆಟ್ಟಿಗೆಯಲ್ಲಿ ಹೊರಟು 48 ಗಂಟೆಯೊಳಗೆ ಸಂಸ್ಕರಣೆಯಾದರೆ ಒಳ್ಳೆಯದು. ಪ್ರಯೋಗಾಲಯದಲ್ಲಿ ಕೆಂಪುಕಣ, ಪ್ಲಾಸ್ಮಾಗಳನ್ನು ಬಹುಪಾಲು ತೆಗೆದು ಇಪ್ಪತ್ತು ಇಪ್ಪತ್ತೈದು ಮಿಲಿಲೀಟರ್‌ಗೆ ಇಳಿಸುತ್ತಾರೆ. ಕೋಶದೊಳಗೆ ಮಂಜಿನ ಹರಳು ಕಟ್ಟದಂತೆ ಡಿಎಂಎಸ್‌ಒ ಎಂಬ ದ್ರವ ಬೆರೆಸಿ, ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ನಿಧಾನವಾಗಿ ತಣಿಸಿ, ಕೊನೆಗೆ ದ್ರವ ಸಾರಜನಕದ ಟ್ಯಾಂಕಿಗೆ ಇಳಿಸುತ್ತಾರೆ. ಅಲ್ಲಿ ಮೈನಸ್ 196 ಡಿಗ್ರಿ. ಉಷ್ಣತೆ ಏರದೆ ಉಳಿದರೆ ಕೋಶಗಳು ಬಹುಕಾಲ ಬಾಳುತ್ತವೆ. 27 ವರ್ಷ ಇಟ್ಟಿದ್ದ ರಕ್ತದ ಕೋಶಗಳೂ ಕೆಲಸ ಮಾಡುವುದನ್ನು ಬ್ರಾಕ್ಸ್‌ಮಯರ್ ತಂಡ ತೋರಿಸಿದೆ.

ಉಷ್ಣತೆ ಏರದೆ ಉಳಿದರೆ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. 2023ರ ನವೆಂಬರ್‌ನಲ್ಲಿ ಸಿಂಗಪುರದ ಆರೋಗ್ಯ ಸಚಿವಾಲಯ ಅಲ್ಲಿಯ ಒಂದು ಖಾಸಗಿ ಬ್ಯಾಂಕಿನ ಏಳು ಟ್ಯಾಂಕುಗಳಲ್ಲಿ ಉಷ್ಣತೆ ಹದ್ದು ಮೀರಿತ್ತೆಂದು ಪ್ರಕಟಿಸಿತು. ಸುಮಾರು 2,200 ಕುಟುಂಬಗಳು ಇಟ್ಟಿದ್ದ ರಕ್ತ ಹಾಳಾಗಿತ್ತು. 2019ರಲ್ಲಿ ಸ್ವಿಟ್ಜರ್ಲೆಂಡ್‌ನ ಒಂದು ಕಂಪನಿ ಬಾಗಿಲು ಹಾಕಿದಾಗ ಅದರಲ್ಲಿದ್ದ ಚೀಲಗಳು ಪೋಲೆಂಡಿನ ಬ್ಯಾಂಕಿಗೆ ಹೋದವು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಕಂಪನಿ ನೆಟ್ಟಗೆ ನಡೆಯುತ್ತದೆಂದು ನಂಬಿ ಹಣ ಕಟ್ಟುವುದು ಸಣ್ಣ ಸಂಗತಿಯಲ್ಲ.

ಇಡಿಸುವುದೇ ಎಂದು ನಿರ್ಧರಿಸಿದರೆ

ಭಾರತದಲ್ಲಿ ಇಂಥ ಬ್ಯಾಂಕುಗಳು 2011ರ ಕೊನೆಯಿಂದ ಔಷಧ ಮತ್ತು ಪ್ರಸಾಧನ ನಿಯಮಗಳ ಅಡಿಯಲ್ಲಿ ಬರುತ್ತವೆ, ಪರವಾನಗಿ ಕಡ್ಡಾಯ. ಪರವಾನಗಿಯ ಪ್ರತಿಯನ್ನು ಕೇಳಿ ನೋಡಿ, ಅದರ ಅವಧಿ ಮುಗಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಎಎಬಿಬಿ ಅಥವಾ ಫ್ಯಾಕ್ಟ್ ಎಂಬ ಅಂತಾರಾಷ್ಟ್ರೀಯ ಗುಣಮಟ್ಟದ ಮಾನ್ಯತೆ ಇದ್ದರೆ ಇನ್ನೂ ಒಳ್ಳೆಯದು. ಈ ಬ್ಯಾಂಕಿನಿಂದ ಎಷ್ಟು ಚೀಲಗಳು ನಿಜವಾಗಿ ಕಸಿಗೆ ಹೋಗಿವೆ, ಯಾವ ಕಾಯಿಲೆಗೆ, ಯಾವ ಆಸ್ಪತ್ರೆಗೆ ಎಂದು ಕೇಳಿ. "ಲಕ್ಷಾಂತರ ಕುಟುಂಬಗಳ ನಂಬಿಕೆ" ಎಂಬುದು ಇದಕ್ಕೆ ಉತ್ತರವಲ್ಲ.

ಖರ್ಚು ಕಂಪನಿಯಿಂದ ಕಂಪನಿಗೆ ಬೇರೆ. ಅರ್ಧ ಲಕ್ಷದ ಆಸುಪಾಸಿನಿಂದ ಲಕ್ಷದಾಚೆಗೂ ಹೋಗುತ್ತದೆ. 2022ರ ಜುಲೈನಲ್ಲಿ ಜಿಎಸ್‌ಟಿ ವಿನಾಯಿತಿ ತೆಗೆದುಹಾಕಿದ್ದರಿಂದ ಹೇಳಿದ ಬೆಲೆಯಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಬೇಕು. ಇಎಂಐ ಎಂದರೆ ಹಲವು ಸಲ ಬೇರೆ ಹಣಕಾಸು ಸಂಸ್ಥೆಯ ಸಾಲ. ಹೆರಿಗೆಯಲ್ಲಿ ರಕ್ತ ಸಿಗದೆಹೋದರೂ ಕಂತು ಕಟ್ಟುತ್ತಲೇ ಇರಬೇಕಾದೀತು. ರಕ್ತ ಸಾಲದಿದ್ದರೆ, ಸೋಂಕು ಕಂಡರೆ, ಚೀಲ ದಾರಿಯಲ್ಲಿ ತಡವಾದರೆ ಎಷ್ಟು ಹಣ ವಾಪಸ್ ಬರುತ್ತದೆ ಎಂಬುದು ಒಪ್ಪಂದದಲ್ಲಿ ಬರಹದಲ್ಲಿರಲಿ. ಬಾಯಿಮಾತು ಬೇಡ. ಒಪ್ಪಂದದ ಕೊನೆಯ ಪುಟಗಳ ಸಣ್ಣಕ್ಷರದಲ್ಲಿ ಕಂಪನಿಯ ಹೊಣೆ ಎಷ್ಟಕ್ಕೆ ಸೀಮಿತ ಎಂಬ ಒಂದು ಕಲಮು ಇರುತ್ತದೆ. ಬಹಳ ಕಡೆ ಅದು ನೀವು ಕಟ್ಟಿದ ಶುಲ್ಕಕ್ಕಿಂತ ಹೆಚ್ಚಿರುವುದಿಲ್ಲ. ಮುಂದೆ ಕಂಪನಿ ಮಾರಾಟವಾದರೆ ಚೀಲ ಎಲ್ಲಿಗೆ ಹೋಗುತ್ತದೆ, ಮಗುವಿಗೆ 18 ತುಂಬಿದ ಮೇಲೆ ಹಕ್ಕು ಯಾರದು, ನೀವು ಒಂದು ವರ್ಷದ ಶುಲ್ಕ ಕಟ್ಟದಿದ್ದರೆ ಚೀಲವನ್ನು ಏನು ಮಾಡುತ್ತಾರೆ ಎಂಬುದನ್ನು ಓದಿಕೊಂಡೇ ಸಹಿ ಮಾಡಿ. ಸೀಮಂತದ ಸಂಭ್ರಮದ ನಡುವೆ ಸಹಿ ಬೇಡ. ಪತ್ರ ಮನೆಗೆ ತಂದು ಓದಿ.

ಈಚೆಗೆ "ಸಮುದಾಯ ಬ್ಯಾಂಕಿಂಗ್" ಎಂಬ ಹೊಸ ಬಗೆ ಬಂದಿದೆ. ಸದಸ್ಯರ ಚೀಲಗಳೆಲ್ಲ ಒಂದೇ ಸಂಗ್ರಹದಲ್ಲಿರುತ್ತವೆ, ಸದಸ್ಯರಲ್ಲಿ ಯಾರಿಗೆ ಬೇಕಾದರೂ ಹೊಂದುವ ಚೀಲ ಕೊಡುತ್ತಾರೆ. ತನ್ನದು ತನಗೇ ಎನ್ನುವುದಕ್ಕಿಂತ ಇದು ವಿವೇಕದ ದಾರಿ. ಆದರೂ ಸಂಗ್ರಹದಲ್ಲಿ ಎಚ್‌ಎಲ್‌ಎ ಪರೀಕ್ಷೆಯಾದ ಚೀಲಗಳೆಷ್ಟು, ಅವುಗಳಲ್ಲಿ ಕೋಶಸಂಖ್ಯೆ ಸಾಕಷ್ಟಿರುವುದೆಷ್ಟು, "ಉಚಿತ" ಎಂದರೆ ಚೀಲ ಮಾತ್ರವೋ ಕಸಿಯ ಖರ್ಚೂ ಸೇರಿಯೋ ಎಂದು ಕೇಳದೆ ಒಪ್ಪಬೇಡಿ.

ದಾನವಾಗಿ ಕೊಡುವ ಮನಸ್ಸಿರುವವರು

ಯಾರಿಗಾದರೂ ಆಗಲಿ ಎಂದು ದಾನ ಕೊಡುವ ಸಾರ್ವಜನಿಕ ಬ್ಯಾಂಕುಗಳ ರಕ್ತ ಖಾಸಗಿ ಬ್ಯಾಂಕುಗಳದ್ದಕ್ಕಿಂತ ಸುಮಾರು ಮೂವತ್ತು ಪಟ್ಟು ಹೆಚ್ಚು ಬಳಕೆಯಾಗುತ್ತದೆ ಎಂದು ಅಮೆರಿಕದ ಮಕ್ಕಳ ತಜ್ಞರ ಸಂಘ 2017ರಲ್ಲಿ ಲೆಕ್ಕ ಕೊಟ್ಟಿತ್ತು. ನ್ಯೂಯಾರ್ಕ್‌ನಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಈ ವ್ಯವಸ್ಥೆ ನಮ್ಮ ದೇಶದಲ್ಲಿ ಬೇರೂರಲಿಲ್ಲ. ಕೊಡುವವರ ಮನಸ್ಸಿನ ಕೊರತೆಯಿಂದಲ್ಲ, ಇಟ್ಟು ಸಾಕುವ ಖರ್ಚು ಹೊರುವವರಿಲ್ಲದೆ. ಕರ್ನಾಟಕದ ಬಹುತೇಕ ಆಸ್ಪತ್ರೆಗಳಲ್ಲಿ ದಾನ ಕೊಡುತ್ತೇನೆಂದರೂ ಪಡೆದುಕೊಳ್ಳುವ ಏರ್ಪಾಡು ಸಿಗುವುದಿಲ್ಲ. ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ಹೆರಿಗೆಯಾಗುವ ನಮ್ಮವರು ಮಾತ್ರ ತಮ್ಮ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಏಳನೇ ತಿಂಗಳೊಳಗೆ ವಿಚಾರಿಸಲಿ. ಭಾರತೀಯ ಮೂಲದ ರೋಗಿಗಳಿಗೆ ಅಲ್ಲಿ ಹೊಂದುವ ದಾನಿ ಸಿಗುವುದು ಬಿಳಿಯರಿಗಿಂತ ಬಹಳ ಕಷ್ಟ.

ಇಲ್ಲಿರುವವರಿಗೆ ಇನ್ನೊಂದು ದಾರಿಯಿದೆ, ಅದಕ್ಕೆ ಹೆರಿಗೆಯೂ ಬೇಕಿಲ್ಲ. ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿ ಸಂಸ್ಥೆಗಳಲ್ಲಿ 18ರಿಂದ 50 ವರ್ಷದೊಳಗಿನ ಆರೋಗ್ಯವಂತರು ಆಕರಕೋಶ ದಾನಿಗಳಾಗಿ ಹೆಸರು ಬರೆಸಬಹುದು. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕಳಿಸಿದರೆ ಸಾಕು, ಹಣ ಕೊಡಬೇಕಿಲ್ಲ. ಯಾರಿಗಾದರೂ ಹೊಂದಿದರೆ ಕರೆ ಬರುತ್ತದೆ. ಆಗ ನಾಲ್ಕೈದು ದಿನ ಇಂಜೆಕ್ಷನ್ ತೆಗೆದುಕೊಂಡು, ಕಿರುಬಿಲ್ಲೆ ದಾನದಂತೆಯೇ ಮೂರು ನಾಲ್ಕು ಗಂಟೆ ಕುಳಿತು ಕೋಶಗಳನ್ನು ಕೊಡುತ್ತೀರಿ. ಹೆಸರು ಬರೆಸಿ, ಕರೆ ಬಂದಾಗ ಹಿಂದೆ ಸರಿಯುವವರಿಂದ ರೋಗಿಯ ಮನೆಯವರಿಗೆ ಆಗುವ ಆಘಾತ ದೊಡ್ಡದು. ಮನೆಯವರೊಡನೆ ಮಾತಾಡಿ, ಒಪ್ಪಿಸಿ, ಆಮೇಲೆಯೇ ಬರೆಸಿ.

ಈಗಾಗಲೇ ರಕ್ತ ಇಡಿಸಿರುವವರು ಗಾಬರಿಯಾಗಬೇಕಿಲ್ಲ, ಕಟ್ಟಿದ ಹಣಕ್ಕೆ ಪರಿತಪಿಸಬೇಕಿಲ್ಲ. ಒಂದು ಕೆಲಸ ಮಾಡಿ. ಬ್ಯಾಂಕಿಗೆ ಈಮೇಲ್ ಬರೆದು ಸಂಸ್ಕರಣೆಯ ವರದಿ ತರಿಸಿಕೊಳ್ಳಿ. ಅದರಲ್ಲಿ ಒಟ್ಟು ಕೋಶಸಂಖ್ಯೆ, ಸಿಡಿ34 ಕೋಶಗಳ (ಆಕರಕೋಶಗಳ) ಎಣಿಕೆ, ಶೇಕಡಾ ಎಷ್ಟು ಕೋಶ ಜೀವಂತ, ಸೋಂಕಿನ ಪರೀಕ್ಷೆಯ ಫಲಿತಾಂಶ, ಚೀಲ ಇರುವ ಟ್ಯಾಂಕಿನ ಜಾಗ ಇವಿಷ್ಟೂ ಇರಬೇಕು. ಮನೆ ಬದಲಿಸಿದ್ದರೆ, ಫೋನ್ ನಂಬರ್ ಬದಲಾಗಿದ್ದರೆ ತಿಳಿಸಿ. ಎಷ್ಟೋ ಕುಟುಂಬಗಳ ಜೊತೆ ಬ್ಯಾಂಕಿನ ನಂಟು ತಪ್ಪುವುದು ಇಲ್ಲಿಯೇ. ಬ್ಯಾಂಕಿನ ಮಾಲೀಕತ್ವವೋ ಸಂಗ್ರಹಾಗಾರವೋ ಬದಲಾಗಿದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ವರದಿಯ ಒಂದು ಪ್ರತಿಯನ್ನು ಮಗುವಿನ ಲಸಿಕೆಯ ಕಾರ್ಡಿನ ಜೊತೆ ಇಡಿ.